ಗೋಡೆ ನೆನೆದರೆ ಯಾರ ಜೇಬು? ಬಾಡಿಗೆ ಮನೆಯ ತೇವ, ವಾಸನೆ ಪತ್ತೆ ಮಾಡುವ ಬಗೆ

ಮೈಸೂರಿನ ಸರಸ್ವತಿಪುರಂನಲ್ಲಿ ನಾವು ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದಾಗ ಮಲಗುವ ಕೋಣೆಯ ಗೋಡೆಯ ಮೇಲೆ ಮೊರದಗಲದ ಕಲೆಯೊಂದು ಎದ್ದಿತು. ಕೆಳಗಿನ ಮನೆಯಲ್ಲಿದ್ದ ಓನರ್ ಆಂಟಿ ಮೆಟ್ಟಿಲು ಹತ್ತಿ ಬಂದು, ಕನ್ನಡಕ ಏರಿಸಿ ನೋಡಿ, "ಮನೆಯೊಳಗೇ ಬಟ್ಟೆ ಒಣಗಹಾಕ್ತೀರಲ್ಲಪ್ಪ, ಇನ್ನೇನಾಗುತ್ತೆ" ಎಂದರು. "ಇಲ್ಲ ಆಂಟಿ, ನಿಮ್ಮ ತಾರಸಿ ಸೋರ್ತಿದೆ" ಎಂದೆ ನಾನು. ಇಬ್ಬರದೂ ತಪ್ಪು. ಅದು ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಸಂಕಷ್ಟಿಯ ಪ್ರಸಾದ ಮೇಲಕ್ಕೆ ಬರುವುದು ನಿಂತಿತ್ತು. ಜನವರಿಯ ಒಂದು ಬೆಳಗ್ಗೆ, ಏಳೂವರೆ ಇರಬಹುದು, ಬೀರುವಿನ ಹಿಂದೆ ಬಿದ್ದ ಬಾಚಣಿಗೆ ತೆಗೆಯಲು ಕೈ ಹಾಕಿದಾಗ ಅಂಗೈ ಗೋಡೆಗೆ ತಾಗಿತು. ಬೆಚ್ಚಗಿತ್ತು. ಹೊರಗೆ ಚಳಿ, ಗೋಡೆಗೆ ಮಾತ್ರ ಜ್ವರ. ಆ ಗೋಡೆಯ ಆಚೆ ಬದಿ ಬಚ್ಚಲು. ತಾರಸಿಯ ಸೋಲಾರ್‌ನಿಂದ ಬಿಸಿನೀರು ಇಳಿಸುವ ಜಿಐ ಪೈಪು ಗೋಡೆಯೊಳಗೆ ಎಲ್ಬೋ ಹತ್ತಿರ ತುಕ್ಕು ಹಿಡಿದು ಜಿನುಗುತ್ತಿತ್ತು. ಪ್ಲಂಬರ್ ಒಂದು ಅಡಿ ಗೋಡೆ ಒಡೆದು ಅರ್ಧ ದಿನದಲ್ಲಿ ಕೆಲಸ ಮುಗಿಸಿದರು. ದುಡ್ಡು ಆಂಟಿಯೇ ಕೊಟ್ಟರು.

ಈಗ ನಾನು ಆಚೆ ಬದಿಗೂ ಬಂದಿದ್ದೇನೆ. ಮಂಡ್ಯದಲ್ಲಿ ಅಪ್ಪ ಕಟ್ಟಿಸಿದ ಮನೆಯನ್ನು ಬಾಡಿಗೆಗೆ ಕೊಟ್ಟು, "ನೀವೇ ಏನೋ ಮಾಡಿರ್ತೀರಿ" ಎಂದು ಬಾಡಿಗೆಯವರಿಗೆ ಹೇಳಿ, ಆಮೇಲೆ ನಾಲಿಗೆ ಕಚ್ಚಿಕೊಂಡವನು. ಎರಡೂ ಕಡೆ ನಿಂತು ಕಲಿತದ್ದು ಇಷ್ಟು: ಖರ್ಚು ಯಾರದು ಎಂದು ಜಗಳಕ್ಕೆ ಇಳಿಯುವ ಮೊದಲು ನೀರು ಎಲ್ಲಿಂದ ಬಂತು ಎಂದು ನೋಡಬೇಕು. ನೀರಿನ ಮೂಲ ಗೊತ್ತಾದರೆ ಹತ್ತರಲ್ಲಿ ಎಂಟು ಸಲ ಖರ್ಚಿನ ಪ್ರಶ್ನೆ ತಾನಾಗಿಯೇ ಬಗೆಹರಿಯುತ್ತದೆ. ಮೂಲ ಹುಡುಕಲು ಕಲೆ ಎಲ್ಲಿದೆ ಎನ್ನುವುದಕ್ಕಿಂತ ಅದು ಯಾವಾಗ ಹಸಿಯಾಗುತ್ತದೆ, ಯಾವಾಗ ಒಣಗುತ್ತದೆ ಎನ್ನುವುದೇ ಹೆಚ್ಚು ಹೇಳುತ್ತದೆ.

ಪೆನ್ಸಿಲ್ ಮತ್ತು ಕ್ಯಾಲೆಂಡರ್

ಮೀಟರು, ಯಂತ್ರ ಏನೂ ಬೇಡ. ಕಲೆಯ ಅಂಚಿನ ಸುತ್ತ ಪೆನ್ಸಿಲ್‌ನಲ್ಲಿ ತೆಳುವಾಗಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ವಾರಕ್ಕೊಮ್ಮೆ ನೋಡಿ, ಕಲೆ ಗೆರೆ ದಾಟಿದ್ದರೆ ಹೊಸ ಗೆರೆ, ಹೊಸ ತಾರೀಖು. ಅಡುಗೆಮನೆಯಲ್ಲಿ ನೇತಾಡುವ ಪಂಚಾಂಗದ ಕ್ಯಾಲೆಂಡರಿನಲ್ಲೇ, ಹಾಲಿನ ಲೆಕ್ಕದ ಪಕ್ಕ, ಮಳೆ ಬಂದ ದಿನ, ಮೋಟಾರ್ ಹಾಕಿ ಮರೆತ ದಿನ, ಮೇಲಿನ ಮನೆಯವರು ಊರಿಗೆ ಹೋದ ದಿನ ಗುರುತು ಹಾಕಿ. ಗೋಡೆಯ ಫೋಟೋವನ್ನು ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು ತೆಗೆಯಿರಿ. ಹತ್ತಿರದಿಂದ ಒಂದು, ಇಡೀ ಗೋಡೆ ಕಾಣುವಂತೆ ಇನ್ನೊಂದು. ಹತ್ತಿರದ್ದೊಂದನ್ನೇ ಕಳಿಸಿದರೆ ಓನರ್ "ಇದು ಯಾವ ರೂಮು?" ಎಂದೇ ಕೇಳುವುದು.

ಮೈಸೂರಿನ ಮಳೆ ಅರ್ಧ ಕೆಲಸ ಮಾಡಿಕೊಡುತ್ತದೆ. ಇಲ್ಲಿ ದಪ್ಪ ಹನಿಯ ಮಳೆ ಮೇ ತಿಂಗಳಲ್ಲಿ ಗುಡುಗಿನ ಜೊತೆ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ನಡುವಿನ ಜೂನ್–ಜುಲೈನದು ಪಡುವಣ ಗಾಳಿಯ ಜೊತೆ ಬರುವ ಸೋನೆ. ಮೇ ತಿಂಗಳ ಒಂದೇ ಸಂಜೆಯ ಮಳೆಗೆ ಚಾವಣಿ ನೆನೆದರೆ ಅನುಮಾನ ತಾರಸಿಯ ಮೇಲೆ. ಆ ಮಳೆಗೆ ಸುಮ್ಮನಿದ್ದ ಗೋಡೆ ಜುಲೈನ ಸೋನೆಗೆ ದಿನದಿನವೂ ತೇವ ಕುಡಿದು, ಅದೂ ಪಶ್ಚಿಮದ ಗೋಡೆಯೇ ಆಗಿದ್ದರೆ, ಹೊರಗೋಡೆಯ ಬಿರುಕು ಅಥವಾ ಕಿಟಕಿಯ ಸಂದು ನೋಡಬೇಕು. ಮಳೆಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ವರ್ಷವಿಡೀ ಒಂದೇ ಜಾಗದಲ್ಲಿ ಹಸಿಯಾಗಿರುವ ಕಲೆ ಪೈಪಿನದು. ಡಿಸೆಂಬರ್–ಜನವರಿಯಲ್ಲಿ ಮಾತ್ರ ಮೂಲೆಗಳಲ್ಲಿ ಕಪ್ಪು ಚುಕ್ಕೆ ಕಾಣಿಸಿದರೆ ಅದು ಮನೆಯೊಳಗಿನವರದೇ ಹಬೆ. ಇನ್ನು ನೆಲದಿಂದ ಏರುವ ತೇವಕ್ಕೆ ಮಂಡ್ಯ ಸೀಮೆಯಲ್ಲಿ ಬೇರೆಯದೇ ಪಂಚಾಂಗವಿದೆ. ಅದನ್ನು ಮುಂದೆ ಹೇಳುತ್ತೇನೆ.

ತಾರಸಿ ಮತ್ತು ಹೊರಗೋಡೆ

ತಾರಸಿ ಸೋರುತ್ತಿದೆ ಎಂದಾಕ್ಷಣ ಎಲ್ಲರೂ ವಾಟರ್‌ಪ್ರೂಫಿಂಗ್ ಎನ್ನುತ್ತಾರೆ, ಡಬ್ಬಗಟ್ಟಲೆ ಕೆಮಿಕಲ್ ತರುತ್ತಾರೆ. ಅದಕ್ಕೂ ಮೊದಲು ಮಳೆನೀರು ಇಳಿಯುವ ಪೈಪಿನ ಬಾಯಿ ನೋಡಿ. ಹೊಂಗೆಮರದ ಎಲೆ, ಪಾರಿವಾಳದ ಪುಕ್ಕ, ಒಂದು ಕ್ರಿಕೆಟ್ ಚೆಂಡು ಸೇರಿ ಅಲ್ಲೊಂದು ಬಿರಡೆ ಆಗಿರುತ್ತದೆ. ನೀರು ಇಳಿಯಲು ದಾರಿಯಿಲ್ಲದೆ ಎರಡು ದಿನ ನಿಂತು, ಪ್ಯಾರಪೆಟ್ ಗೋಡೆಯ ಬುಡದ ಸಂದಿನಲ್ಲಿ ಒಳಗೆ ನುಸಿಯುತ್ತದೆ. ಬಾಯಿ ಬಿಡಿಸಿದ ಮೇಲೂ ಮುಂದಿನ ಮಳೆಗೆ ಕಲೆ ಬೆಳೆದರೆ ಆಗ ನಿಜವಾದ ಪರೀಕ್ಷೆ: ಪೈಪಿನ ಬಾಯಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ, ಒಂದು ದಿನ ಕಾದು ಕೆಳಗಿನ ಚಾವಣಿ ನೋಡುವುದು. ಇದನ್ನು ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ತಾರಸಿಯಲ್ಲಿ ಮಾತ್ರ ಮಾಡಿ. ಅಗ್ರಹಾರ, ಚಾಮುಂಡಿಪುರಂ ಕಡೆಯ ಹಳೆಯ ಮನೆಗಳಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿ ಇರುತ್ತದೆ. ಅದರ ಮೇಲೆ ನೀರು ನಿಲ್ಲಿಸಿ ಪರೀಕ್ಷೆ ಮಾಡಲು ಹೊರಟರೆ ತೊಲೆಗೆ ನಾವೇ ಭಾರ ಹೊರಿಸಿದಂತೆ.

ತಾರಸಿಯ ದುರಸ್ತಿ ಮಾಲೀಕರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಡಿಗೆಯವರು ಡಿಶ್ ಆಂಟೆನಾಗೆಂದು ಡ್ರಿಲ್ ಹಾಕಿ ತೂತು ಬಿಟ್ಟಿದ್ದರೆ, ಹೂಕುಂಡ ಸಾಲಾಗಿಟ್ಟು ನೀರಿನ ದಾರಿ ಕಟ್ಟಿದ್ದರೆ, ಅಷ್ಟರ ಮಟ್ಟಿಗೆ ಅವರ ತಲೆಗೇ ಬರುತ್ತದೆ. ಎಲೆ ಬಳಿಯುವುದು ಯಾರು ಎನ್ನುವುದಕ್ಕೆ ನನ್ನ ಉತ್ತರ ಸುಲಭ: ತಾರಸಿಯ ಬೀಗದಕೈ ಯಾರ ಹತ್ತಿರ ಇದೆಯೋ ಅವರು. "ತಾರಸಿಗೆ ಹೋಗಬೇಡಿ" ಎಂದು ಬೀಗ ಹಾಕಿಕೊಂಡು, "ಎಲೆ ತೆಗೀಬಾರ್ದಿತ್ತಾ" ಎಂದು ಕೇಳುವವರನ್ನು ಕಂಡಿದ್ದೇನೆ.

ಹೊರಗೋಡೆ ಪರೀಕ್ಷಿಸಲು ಮಳೆಗೆ ಕಾಯಬೇಕಿಲ್ಲ. ಬಿಸಿಲಿನ ದಿನ ಪೈಪ್ ಹಿಡಿದು ಮೊದಲು ಕಿಟಕಿಯ ಕೆಳಭಾಗಕ್ಕಷ್ಟೇ ಹತ್ತು ನಿಮಿಷ ನೀರು ಬಿಡಿ, ಒಳಗೊಬ್ಬರು ನೋಡುತ್ತಿರಲಿ. ಆಮೇಲೆ ಕಿಟಕಿಯ ಪಕ್ಕ, ಆಮೇಲೆ ಸಜ್ಜದ ಮೇಲೆ. ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ಎಲ್ಲ ಒಟ್ಟಿಗೆ ನೆನೆದು ಯಾವ ಸಂದೆಂದು ಗೊತ್ತಾಗುವುದೇ ಇಲ್ಲ. ಓವರ್‌ಹೆಡ್ ಟ್ಯಾಂಕಿನ ಉಕ್ಕಿದ ನೀರು ಗೋಡೆಗುಂಟ ಇಳಿಯುತ್ತಿದ್ದರೆ ಪಾಚಿಯ ಹಸಿರು ಪಟ್ಟಿಯೇ ದಾರಿ ತೋರಿಸುತ್ತದೆ. ಬಾಲ್ ವಾಲ್ವ್ ಕೆಟ್ಟಿದ್ದರೆ ಮಾಲೀಕರು ಹಾಕಿಸಲಿ. ಮೋಟಾರ್ ಹಾಕಿ ಧಾರಾವಾಹಿ ನೋಡುತ್ತ ಕೂತದ್ದಾದರೆ, ಕ್ಷಮಿಸಿ, ಅದು ನಮ್ಮದೇ.

ಮಳೆ ಇಲ್ಲದೆ ನೆನೆಯುವ ಮಂಡ್ಯದ ಗೋಡೆ

ನಮ್ಮ ಮಂಡ್ಯದ ಮನೆ ಇರುವುದು ಒಂದು ಕಾಲಕ್ಕೆ ಭತ್ತದ ಗದ್ದೆಯಾಗಿದ್ದ ಬಡಾವಣೆಯಲ್ಲಿ. ಬಾಡಿಗೆಗಿದ್ದವರು ಬಸ್ ಕಂಡಕ್ಟರ್. ಫೋನ್ ಮಾಡಿ, "ಅಣ್ಣ, ಮಳೆ ಬಿದ್ದು ತಿಂಗ್ಳಾಯ್ತು, ಹಿಂದ್ಲು ರೂಮಿನ ಗ್ವಾಡೆ ಮಾತ್ರ ಆರ್ತಾನೇ ಇಲ್ಲ" ಎಂದರು. ಆ ಗೋಡೆಯ ಆಚೆ ಬಟ್ಟೆ ಒಗೆಯುವ ಕಲ್ಲಿತ್ತು. ನಾನು ಮೈಸೂರಿನಲ್ಲೇ ಕೂತು, ಕಲ್ಲು ದೂರ ಹಾಕಿಸಿಕೊಳ್ಳಿ ಎಂದು ತೀರ್ಪು ಕೊಟ್ಟೆ. ಹಾಕಿಸಿದರು. ಗೋಡೆ ಆರಲಿಲ್ಲ. ಪುಟ್ಟಿ ಬಳಿಸಿ ಪೇಂಟ್ ಹೊಡೆಸಿದೆ. ಮೂರೇ ತಿಂಗಳಿಗೆ ಹಪ್ಪಳದಂತೆ ಎದ್ದು ಬಂತು. ನೆಲದಿಂದ ಎರಡಡಿ ಎತ್ತರಕ್ಕೆ ಟೈಲ್ಸ್ ಅಂಟಿಸಿದೆ. ತೇವ ಟೈಲ್ಸ್ ಹಿಂದೆಯೇ ಹತ್ತಿ ಮೂರನೇ ಅಡಿಯಲ್ಲಿ ತಲೆ ಎತ್ತಿತು. ಕೊನೆಗೆ ಕರೆಸಿದ ವಯಸ್ಸಾದ ಮೇಸ್ತ್ರಿ ಗೋಡೆಯನ್ನು ಸರಿಯಾಗಿ ನೋಡಲೂ ಇಲ್ಲ. ಬೀಡಿ ಹಚ್ಚುತ್ತ ಕೇಳಿದ್ದು ಒಂದೇ: "ನಾಲೇಲಿ ನೀರು ಯಾವತ್ತು ಬುಟ್ರು?"

ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಾಗ ನಾಲೆ, ಉಪನಾಲೆ, ಸುತ್ತಲಿನ ಭತ್ತದ ಗದ್ದೆ ಎಲ್ಲದರಿಂದ ನೀರು ಇಂಗಿ ತಗ್ಗಿನ ಜಾಗಗಳಲ್ಲಿ ಅಂತರ್ಜಲ ಮೇಲೇಳುತ್ತದೆ. ಇಟ್ಟಿಗೆ, ಗಾರೆಯ ಸಣ್ಣ ರಂಧ್ರಗಳು ದೀಪದ ಬತ್ತಿ ಎಣ್ಣೆ ಎಳೆದಂತೆ ಅದನ್ನು ಎಳೆದುಕೊಳ್ಳುತ್ತವೆ. ಪಾಯದ ಮೇಲೆ, ಗೋಡೆ ಶುರುವಾಗುವ ಕಡೆ ತೇವ ತಡೆಯುವ ಪದರ ಹಾಕಿರಬೇಕು, ಡಿಪಿಸಿ ಎನ್ನುತ್ತಾರೆ. ಅದಿಲ್ಲದಿದ್ದರೆ, ಇದ್ದೂ ಒಡೆದಿದ್ದರೆ, ನೀರು ಸಾಮಾನ್ಯವಾಗಿ ಮೂರಡಿಯವರೆಗೆ ಏರಿ ಅಲ್ಲೊಂದು ಅಲೆಯಂಥ ಗೆರೆ ಬರೆದು ನಿಲ್ಲುತ್ತದೆ. ಬೇಸಿಗೆ ಬೆಳೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಟ್ಟ ವರ್ಷ ಕಂಡಕ್ಟರ್ ನಾನು ಹೇಳಿದಂತೆ ಗೋಡೆಯ ಮೇಲೆ ಗೆರೆ ಹಾಕುತ್ತ ಬಂದರು. ನಾಲೆಗೆ ನೀರು ಬಂದ ಕೆಲವು ದಿನಗಳಿಗೆ ಗೆರೆ ಮೇಲೆ, ನಿಂತ ಕೆಲವು ದಿನಗಳಿಗೆ ಕೆಳಗೆ. ಒಗೆಯುವ ಕಲ್ಲಿನದು ಏನೂ ತಪ್ಪಿರಲಿಲ್ಲ.

ಏರುವ ತೇವದ ಇನ್ನೊಂದು ಗುರುತು ಬಿಳಿ ಪುಡಿ. ನೀರು ಆವಿಯಾಗಿ ಹೋದರೂ ಅದು ಹೊತ್ತು ತಂದ ಉಪ್ಪು ಗೋಡೆಯ ಮೇಲೆ ಉಳಿಯುತ್ತದೆ. ಇದನ್ನು ಬೂಷ್ಟು ಎಂದು ತಪ್ಪು ತಿಳಿಯುವವರೇ ಹೆಚ್ಚು. ಬೆರಳಲ್ಲಿ ಸ್ವಲ್ಪ ಕೆರೆದು ಒಂದು ಹನಿ ನೀರಿಗೆ ಹಾಕಿ: ಕರಗಿದರೆ ಉಪ್ಪು, ತೇಲಿಕೊಂಡಿದ್ದರೆ ಬೂಷ್ಟು. ಉಪ್ಪಿಗೆ ಬಾಡಿಗೆಯವರು ಯಾವ ರೀತಿಯಲ್ಲೂ ಹೊಣೆಯಲ್ಲ.

ದುರಸ್ತಿ ಎಂದರೆ ಮೇಲೆ ಇನ್ನೊಂದು ಪದರ ಬಳಿಯುವುದಲ್ಲ, ಇದ್ದದ್ದನ್ನು ಕಿತ್ತುಹಾಕುವುದು. ಕಲೆಗಿಂತ ಒಂದಡಿ ಮೇಲಿನವರೆಗೆ ಗಾರೆ ಕೆತ್ತಿ, ನಾಲೆ ನಿಂತ ಕಾಲದಲ್ಲಿ ಇಟ್ಟಿಗೆಯನ್ನು ವಾರಗಟ್ಟಲೆ ಬಯಲಿಗೆ ಬಿಟ್ಟು, ನೆಲಮಟ್ಟದಲ್ಲಿ ಸಾಲಾಗಿ ತೂತು ಕೊರೆದು ನೀರು ತಡೆಯುವ ರಾಸಾಯನಿಕ ಇಳಿಸಿ, ಆಮೇಲೆ ಉಸಿರಾಡುವಂಥ ಸುಣ್ಣದ ಗಾರೆ ಮಾಡಿಸಬೇಕು. ಹಳೆಯ ಸುಣ್ಣದ ಗೋಡೆಗೆ ಸಿಮೆಂಟ್ ಗಾರೆ, ಪುಟ್ಟಿ, ಎನಾಮೆಲ್ ಪೇಂಟ್ ಬಳಿದರೆ ತೇವ ಹೊರಬರಲು ದಾರಿ ಸಿಗದೆ ಇನ್ನೂ ಮೇಲೆ ಹತ್ತುತ್ತದೆ. ನನ್ನ ಟೈಲ್ಸ್ ಮಾಡಿದ್ದು ಅದನ್ನೇ. ಹಣ ಖರ್ಚು ಮಾಡಿ ತೇವವನ್ನು ಒಂದಡಿ ಎತ್ತರಿಸಿಕೊಂಡೆ.

ನೆಲಮಹಡಿಯ ಗೋಡೆ ಸಂಪಿನ ಪಕ್ಕದಲ್ಲೇ ಇದ್ದರೆ ಮಾತ್ರ ಇಷ್ಟಕ್ಕೆಲ್ಲ ಕೈಹಾಕುವ ಮೊದಲು ಸಂಪನ್ನು ಪರೀಕ್ಷಿಸಿ. ರಾತ್ರಿ ತುಂಬಿಸಿ, ಒಳಗಿನ ಗೋಡೆಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಮೋಟಾರ್ ಮುಟ್ಟದೆ ಬೆಳಗ್ಗೆ ನೋಡಿ. ಎರಡು ಬೆರಳು ಇಳಿದಿದ್ದರೆ ನಾಲೆಯನ್ನು ಬಯ್ಯಬೇಡಿ.

ಗೋಡೆಯೊಳಗಿನ ಪೈಪು, ಮೇಲಿನವರ ಬಚ್ಚಲು

ಮನೆಯ ಎಲ್ಲ ನಲ್ಲಿ ಬಿಗಿಯಾಗಿ ನಿಲ್ಲಿಸಿ, ರಾತ್ರಿ ಮಲಗುವಾಗ ಟ್ಯಾಂಕಿನ ಮಟ್ಟ ಗುರುತು ಮಾಡಿ ಬೆಳಗ್ಗೆ ನೋಡಿದರೆ ಸರಬರಾಜು ಪೈಪಿನ ಸೋರಿಕೆ ಗೊತ್ತಾಗುತ್ತದೆ. ಮಟ್ಟ ಇಳಿಯದೆಯೂ ಕಲೆ ಹಸಿಯಾಗಿದ್ದರೆ ನೀರು ಹೊರಹೋಗುವ ಪೈಪು ಅಥವಾ ಬಚ್ಚಲಿನ ನೆಲ. ಅದಕ್ಕೆ ಬಣ್ಣದ ಪರೀಕ್ಷೆ. ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಬೆರೆಸಿ, ಮೇಲಿನವರ ಬಚ್ಚಲಿನ ನೆಲದ ನೀರು ಇಳಿಯುವ ಬಾಯಿ, ಅಂದರೆ ನಹಾನಿ ಟ್ರ್ಯಾಪ್ ಮುಚ್ಚಿ, ನೆಲದ ಮೇಲೆ ಒಂದಿಂಚು ನಿಲ್ಲಿಸಿ. ಕೆಳಗೆ ನೀಲಿ ಬಂದರೆ ಟೈಲ್ಸ್ ಸಂದು ಬಿಟ್ಟಿದೆ. ಬರದಿದ್ದರೆ ಟ್ರ್ಯಾಪ್ ತೆರೆದು ಇನ್ನೊಂದು ಬಕೆಟ್ ಹರಿಸಿ. ಆಗ ಬಂದರೆ ಪೈಪಿನ ಜೋಡಣೆ. ಮೇಲಿನವರೂ ಬಾಡಿಗೆಯವರೇ ಆಗಿದ್ದರೆ ಅವರನ್ನು ಕೇಳಿಕೊಂಡು, ಓನರ್ ಎದುರಿಗೇ ಮಾಡಿ. ನೀಲಿ ಒಮ್ಮೆ ಚಾವಣಿಯಲ್ಲಿ ಕಂಡ ಮೇಲೆ ವಾದಕ್ಕೆ ಜಾಗವಿರುವುದಿಲ್ಲ.

ಗೋಡೆಯೊಳಗಿನ ಪೈಪು ಬದಲಿಸುವುದು ಮಾಲೀಕರ ಖರ್ಚು, ಒಡೆದ ಗೋಡೆ ಮುಚ್ಚಿ ಬಣ್ಣ ಬಳಿಸುವುದೂ ಸೇರಿ. ನಲ್ಲಿಯ ವಾಷರ್, ಕೈತೊಳೆಯುವ ಬೇಸಿನ್ನಿನ ಕೆಳಗಿನ ಸುರುಳಿ ಪೈಪು, ಕೂದಲು ಸಿಕ್ಕಿ ಕಟ್ಟಿದ ಟ್ರ್ಯಾಪ್ ಇವೆಲ್ಲ ಬಳಸುವವರದು. ಬಾಡಿಗೆಯವರು ಮೊಳೆ ಹೊಡೆದು ಪೈಪು ತೂತಾದರೆ? ಅದನ್ನು ಕೇಳಲೇಬೇಕಿಲ್ಲ.

ಒದ್ದೆ ಗೋಡೆಯಲ್ಲಿ ಸ್ವಿಚ್‌ಬೋರ್ಡ್ ಇದ್ದರೆ ಈ ಪರೀಕ್ಷೆಗಳನ್ನೆಲ್ಲ ಬದಿಗಿಟ್ಟು ಮೊದಲು ಆ ಸಾಲಿಗೆ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ಚು ಇಳಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಗೋಡೆ ಜುಮ್ಮೆಂದರೆ ಅದು ಹೊಣೆ ಹಂಚುವ ಹೊತ್ತಲ್ಲ.

ನಮ್ಮದೇ ಉಸಿರು, ನಮ್ಮದೇ ಹಬೆ

ಆಂಟಿಯ ಮಾತು ನಮ್ಮ ಆ ಗೋಡೆಗೆ ತಪ್ಪಾಗಿತ್ತೇ ಹೊರತು ಎಲ್ಲ ಗೋಡೆಗೂ ಅಲ್ಲ. ಚಳಿಗಾಲದಲ್ಲಿ ಕಿಟಕಿ ಮುಚ್ಚಿ, ಒಳಗೆ ಬಟ್ಟೆ ಒಣಗಿಸಿ, ಅನ್ನ ಬೇಯಿಸಿ, ಬಿಸಿನೀರು ಸ್ನಾನ ಮಾಡಿದರೆ ಆ ಹಬೆಯೆಲ್ಲ ತಣ್ಣಗಿರುವ ಗೋಡೆ ಹುಡುಕಿಕೊಂಡು ಹೋಗಿ ಕೂರುತ್ತದೆ. ಬೀರುವಿನ ಹಿಂದೆ, ಉತ್ತರದ ಮೂಲೆಯಲ್ಲಿ, ಕಿಟಕಿಯ ಚೌಕಟ್ಟಿನ ಸುತ್ತ ಕಪ್ಪು ಚುಕ್ಕೆಗಳು ಏಳುತ್ತವೆ.

ಗೋಡೆಯ ತೇವವೋ ಹಬೆಯ ತೇವವೋ ಎಂದು ಬಿಡಿಸಲು ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಸಾಕು. ಜಾಗವನ್ನು ಒರೆಸಿ ಒಣಗಿಸಿ, ಒಂದಡಿ ಚೌಕದ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಹಬೆ. ಹಾಳೆ ಕಿತ್ತಾಗ ಗೋಡೆಯ ಕಡೆಯ ಮೈ ಒದ್ದೆಯಾಗಿದ್ದರೆ ನೀರು ಗೋಡೆಯಿಂದಲೇ ಬರುತ್ತಿದೆ. ನಾನು ಬಾಡಿಗೆಗಿದ್ದ ಮೂರು ಮನೆಗಳಲ್ಲಿ ಇದನ್ನು ಮಾಡಿದ್ದೇನೆ. ಒಂದರಲ್ಲಿ ಎರಡೂ ಮೈ ಒದ್ದೆ. ಆಗ ಖರ್ಚೂ ಅರ್ಧರ್ಧ.

ಹಬೆಯ ಬೂಷ್ಟು ಬಾಡಿಗೆಯವರ ಹೊಣೆ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆಯುವುದು, ಅಡುಗೆಯಾಗುವಾಗ ಎಕ್ಸಾಸ್ಟ್ ಹಾಕುವುದು, ಬೆಳಗ್ಗೆ ಬಿಸಿಲೇರಿದ ಮೇಲೆ ಎದುರು–ಬದುರು ಕಿಟಕಿ ಒಂದು ಗಂಟೆ ತೆರೆಯುವುದು. ಆದರೆ ಕಿಟಕಿಯೇ ಇಲ್ಲದ ಕೋಣೆ, ವೆಂಟಿಲೇಟರ್ ಇಲ್ಲದ ಬಚ್ಚಲು ಕೊಟ್ಟು "ಗಾಳಿ ಆಡಿಸಬಾರದಾ" ಎಂದರೆ ಅದು ಮಾಲೀಕರದೇ ತಪ್ಪು. ದೊಡ್ಡ ಮನೆಯ ನಡುವೆ ಗೋಡೆ ಎಬ್ಬಿಸಿ ಎರಡು ಬಾಡಿಗೆ ಮಾಡುವವರು ಇದನ್ನು ಮರೆಯುತ್ತಾರೆ. ಬೂಷ್ಟು ತೊಳೆಯಲು ಬ್ಲೀಚಿಂಗ್ ಬಳಸುವುದಾದರೆ ಕಿಟಕಿ ತೆರೆದಿರಲಿ. ಟಾಯ್ಲೆಟ್ ತೊಳೆಯುವ ಆಸಿಡ್‌ ಅನ್ನು ಅದರ ಹತ್ತಿರಕ್ಕೂ ತರಬೇಡಿ. ಎರಡೂ ಬೆರೆತರೆ ಏಳುವುದು ಕ್ಲೋರಿನ್ ಅನಿಲ, ಮುಚ್ಚಿದ ಬಚ್ಚಲಿನಲ್ಲಿ ಉಸಿರೇ ಕಟ್ಟುತ್ತದೆ.

ಮೂಗಿಗೆ ಬಿಟ್ಟದ್ದು

ವಾಸನೆಯಲ್ಲಿ ಮೊದಲು ತಳ್ಳಿಹಾಕಬೇಕಾದದ್ದು ಗ್ಯಾಸ್. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲೆಂದೇ ಕೊಳೆತ ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಅಡುಗೆಮನೆಯಲ್ಲಿ, ಅದರಲ್ಲೂ ನೆಲದ ಹತ್ತಿರ ನಾತ ಹೆಚ್ಚಿದ್ದರೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆಯಿರಿ. ಸ್ವಿಚ್ ಹಾಕುವುದೂ ಬೇಡ ಆರಿಸುವುದೂ ಬೇಡ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಗ್ಯಾಸ್ ಅಲ್ಲವೆಂದಾದರೆ ಬಚ್ಚಲಿಗೆ ಹೋಗಿ. ಕೊಳೆತ ಮೊಟ್ಟೆಯ ನಾತ ನಹಾನಿ ಟ್ರ್ಯಾಪ್‌ನಿಂದ ಬರುತ್ತಿದ್ದರೆ ಒಂದು ಚೊಂಬು ನೀರು ಸುರಿದು ಅರ್ಧ ಗಂಟೆ ಕಾಯಿರಿ. ಟ್ರ್ಯಾಪ್‌ನೊಳಗೆ ನಿಂತ ಸ್ವಲ್ಪ ನೀರೇ ಕೊಳಚೆ ಗಾಳಿಗೆ ಮುಚ್ಚಳ. ದಸರಾ ರಜಕ್ಕೆ ಊರಿಗೆ ಹೋಗಿ ಬರುವಷ್ಟರಲ್ಲಿ ಅದು ಒಣಗಿ ಯುಜಿಡಿಯ (ನೆಲದಡಿಯ ಒಳಚರಂಡಿ) ಗಾಳಿಯೆಲ್ಲ ಮನೆಗೆ ಬಂದಿರುತ್ತದೆ. ಚೊಂಬು ನೀರಿಗೆ ನಾತ ಹೋದರೆ ಖರ್ಚು ಸೊನ್ನೆ. ಹೋಗಿ ಮತ್ತೆ ಮರುದಿನವೇ ಬಂದರೆ, ಅದರಲ್ಲೂ ಮೇಲಿನವರು ಫ್ಲಶ್ ಮಾಡಿದಾಗ ನಿಮ್ಮ ಟ್ರ್ಯಾಪ್ ಗುಳುಗುಳು ಎಂದರೆ, ಪೈಪಿಗೆ ಗಾಳಿ ಸಿಗದೆ ನಿಮ್ಮ ಟ್ರ್ಯಾಪಿನ ನೀರನ್ನು ಎಳೆದುಕೊಳ್ಳುತ್ತಿದೆ ಎಂದರ್ಥ. ವೆಂಟ್ ಪೈಪ್ ಹಾಕಿಸುವುದು ಮಾಲೀಕರ ಕೆಲಸ. ಟ್ರ್ಯಾಪೇ ಇಲ್ಲದೆ ನೇರ ಪೈಪಿಗೆ ಜಾಲರಿ ಮುಚ್ಚಿದ ಬಚ್ಚಲುಗಳನ್ನೂ ನೋಡಿದ್ದೇನೆ. ಅಲ್ಲಿ ಎಷ್ಟು ಫಿನಾಯಿಲ್ ಸುರಿದರೂ ಅಷ್ಟೇ.

ಕೊಳಚೆ ಪೈಪುಗಳು ಸೇರುವ ಚೇಂಬರ್ ಕಟ್ಟಿಕೊಂಡರೆ ಕಾಂಪೌಂಡ್ ಗೋಡೆಯನ್ನೇ ಗಡಿ ಎಂದಿಟ್ಟುಕೊಳ್ಳಿ. ರಸ್ತೆಯ ಮ್ಯಾನ್‌ಹೋಲ್ ಉಕ್ಕಿದರೆ ಪಾಲಿಕೆಗೋ ನಗರಸಭೆಗೋ ದೂರು. ಕಾಂಪೌಂಡ್ ಒಳಗಿನ ಚೇಂಬರ್ ಬೇರು ತುಂಬಿಯೋ ಇಳಿಜಾರು ತಪ್ಪಿಯೋ ಕಟ್ಟಿದ್ದರೆ ಮಾಲೀಕರು. ಒಳಗಿನಿಂದ ಪ್ಯಾಡ್, ಡೈಪರ್, ಅಡುಗೆ ಜಿಡ್ಡು ಹೊರಬಂದರೆ ಹಾಕಿದವರು. ಊರಂಚಿನ ಬಡಾವಣೆಗಳಲ್ಲಿ ಯುಜಿಡಿ ಬದಲು ಮನೆಯದೇ ಕೊಳಚೆ ಗುಂಡಿ (ಪಿಟ್) ಇದ್ದರೆ, ತುಂಬಿದಾಗ ಖಾಲಿ ಮಾಡಿಸುವ ದುಡ್ಡು ಯಾರದು ಎಂದು ಮನೆಗೆ ಹೋಗುವ ಮೊದಲೇ ಕೇಳಿ ಬರೆಸಿಕೊಳ್ಳಿ.

ಸಿಹಿಬೆರೆತ ಕೊಳೆತ ನಾತ ಅಟ್ಟದಿಂದ ಬಂದು ನೊಣ ಹಾರಾಡುತ್ತಿದ್ದರೆ ಇಲಿ. ಪಕ್ಕದ ಮನೆಯವರು ಪಾಷಾಣ ಇಟ್ಟಿರುತ್ತಾರೆ, ಅದು ನಮ್ಮ ಮನೆಗೆ ಬಂದು ಸತ್ತಿರುತ್ತದೆ. ಇದಕ್ಕೆ ಯಾವ ಕರಾರು ಪತ್ರದಲ್ಲೂ ಉತ್ತರವಿಲ್ಲ.

ಕಾಗದ ಏನು ಹೇಳುತ್ತದೆ

ಬಾಡಿಗೆ ಕರಾರಿನ ಹಿಂದಿರುವ ಮೂಲ ಕಾನೂನು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108ನೇ ಕಲಂ ಓದಲು ಕಷ್ಟವೇನಿಲ್ಲ. ತನಗೆ ಗೊತ್ತಿರುವ, ಸಾಮಾನ್ಯವಾಗಿ ನೋಡಿದರೆ ಬಾಡಿಗೆಯವರ ಕಣ್ಣಿಗೆ ಬೀಳದ ದೊಡ್ಡ ದೋಷವನ್ನು ಮಾಲೀಕರು ಮುಚ್ಚಿಡುವಂತಿಲ್ಲ. ಬಾಡಿಗೆಗೆ ಕೊಡುವ ವಾರದ ಮೊದಲು ಕಲೆಯ ಮೇಲೆ ಪೇಂಟ್ ಹೊಡೆಸುವವರು ಇದನ್ನು ನೆನಪಿಡಬೇಕು. ಬಾಡಿಗೆಯವರು ಮನೆಯನ್ನು ಪಡೆದಾಗ ಇದ್ದಂತೆಯೇ ಹಿಂದಿರುಗಿಸಬೇಕು, ಸಹಜ ಸವೆತ ಬಿಟ್ಟು. ತಮ್ಮಿಂದಾದ ಹಾನಿಯ ಬಗ್ಗೆ ನೋಟಿಸ್ ಬಂದರೆ ಮೂರು ತಿಂಗಳೊಳಗೆ ಸರಿಪಡಿಸಬೇಕು. ಮಾಲೀಕರು ಮಾಡಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ತಕ್ಕ ಸಮಯದಲ್ಲಿ ಮಾಡದಿದ್ದರೆ ಬಾಡಿಗೆಯವರೇ ಮಾಡಿಸಿ, ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.

ಇಲ್ಲೊಂದು ಮುಳ್ಳಿದೆ. "ಮಾಡಲೇಬೇಕಾದ ದುರಸ್ತಿ" ಯಾವುದು ಎಂದು ಆ ಕಲಂ ಪಟ್ಟಿ ಕೊಡುವುದಿಲ್ಲ, ಕರಾರಿಗೇ ಮೊದಲ ಮಾತು ಬಿಡುತ್ತದೆ. ನಮ್ಮ ಹನ್ನೊಂದು ತಿಂಗಳ ಕರಾರುಗಳಲ್ಲಿ ಬಾಡಿಗೆ, ಅಡ್ವಾನ್ಸ್, ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವ ಸಾಲು ತಪ್ಪದೆ ಇರುತ್ತವೆ. ಗೋಡೆ ಒದ್ದೆಯಾದರೆ ಏನು ಎನ್ನುವ ಸಾಲು ನಾನು ಒಂದರಲ್ಲೂ ಕಂಡಿಲ್ಲ. ಆ ಸಾಲು ಬರೆಯಲು ಒಳ್ಳೆಯ ಮಾದರಿ 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ತನ್ನದಾಗಿ ಮಾಡಿಕೊಂಡರಷ್ಟೇ ಕಾನೂನು. ಆದರೂ ಅದರ ಪಟ್ಟಿ ನ್ಯಾಯವಾಗಿದೆ. ಕಟ್ಟಡದ ದುರಸ್ತಿ, ಸುಣ್ಣಬಣ್ಣ, ಪೈಪು ಬದಲಾವಣೆ, ವೈರಿಂಗ್ ಮಾಲೀಕರಿಗೆ. ನಲ್ಲಿ ಮತ್ತು ವಾಷರ್, ಚರಂಡಿ ಸ್ವಚ್ಛ ಮಾಡುವುದು, ಬೇಸಿನ್, ಗೀಸರ್, ಸ್ವಿಚ್ಚು, ಕಿಟಕಿಯ ಗಾಜು ಬಾಡಿಗೆಯವರಿಗೆ. ಆ ಪಟ್ಟಿಯನ್ನು ಕರಾರಿಗೆ ಇಳಿಸಿ, "ಬಾಡಿಗೆದಾರರ ಬಳಕೆಯಿಂದಲ್ಲದ ತೇವ, ಸೋರಿಕೆಯನ್ನು ಮಾಲೀಕರು ತಿಳಿಸಿದ ಮೂವತ್ತು ದಿನಗಳೊಳಗೆ ಸರಿಪಡಿಸತಕ್ಕದ್ದು" ಎಂದು ಒಂದು ಸಾಲು ಸೇರಿಸಿ. ಭೋಗ್ಯಕ್ಕೆ ಹೋಗುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ತಿಂಗಳ ಬಾಡಿಗೆಯೇ ಇಲ್ಲ, ಮುರಿದುಕೊಳ್ಳುವುದು ಯಾವುದರಲ್ಲಿ?

ತಿ‌ಳಿಸುವುದು ಎಂದರೆ ಮೆಟ್ಟಿಲ ಮೇಲೆ ಸಿಕ್ಕಾಗ ಹೇಳುವುದಲ್ಲ. ಕಂಡಕ್ಟರ್ ನನಗೆ ಕಳಿಸಿದ್ದ ವಾಟ್ಸಾಪ್ ಇದು, ಇದಕ್ಕಿಂತ ಚೆನ್ನಾಗಿ ನಾನು ಬರೆಯಲಾರೆ: "ನಮಸ್ಕಾರ ಅಣ್ಣ. ಹಿಂದಿನ ರೂಮು, ಪೂರ್ವದ ಗೋಡೆ. 4ನೇ ತಾರೀಖು ನೆಲದಿಂದ ಎರಡೂಕಾಲು ಅಡಿ ಇತ್ತು, ಇವತ್ತು ಮೂರಡಿ. ಮಳೆ ಇಲ್ಲ. ಒಗೆಯೋ ಕಲ್ಲು ತೆಗೆದು ತಿಂಗಳಾಯ್ತು. ಸಂಪು ನೋಡಿದ್ವಿ, ಇಳಿದಿಲ್ಲ. ಫೋಟೋ ಹಾಕಿದೀನಿ. ಭಾನುವಾರ ರಜ, ಬಂದ್ರೆ ನೋಡಬಹುದು." ಬಯ್ಗುಳವಿಲ್ಲ, ಬೇಡಿಕೆಯೂ ಇಲ್ಲ. ತಾರೀಖು, ಅಳತೆ, ಏನೇನು ತಳ್ಳಿಹಾಕಿದೆವು ಎನ್ನುವುದು ಮಾತ್ರ. ಭಾನುವಾರ ನಾನು ಹೋಗದೆ ಗತಿಯಿರಲಿಲ್ಲ.

ಎರಡು ವರ್ಷದ ಮೇಲೆ ವರ್ಗವಾಗಿ ಅವರು ಖಾಲಿ ಮಾಡಿದರು. ಲೆಕ್ಕಕ್ಕೆ ಕೂತಾಗ ಹಿಂದಿನ ರೂಮಿನ ಗೋಡೆಯ ಪೇಂಟಿಂಗ್ ನನ್ನ ಕಡೆ ಹಾಕಿಕೊಂಡೆ, ಒಗೆಯುವ ಕಲ್ಲು ಸರಿಸಿದ ಕೂಲಿಯನ್ನೂ. ಅವರ ಕಡೆ ಬಿದ್ದದ್ದು ಬಚ್ಚಲಿನ ಎರಡು ನಲ್ಲಿ, ಮುರಿದ ಒಂದು ಸ್ವಿಚ್ಚು, ಬೀರು ಅಂಟಿಸಿ ಇಟ್ಟಿದ್ದ ಮೂಲೆಯ ಬೂಷ್ಟು ತೊಳೆದ ಅರ್ಧ ದಿನದ ಕೂಲಿ. ಅವರೇ ಫಾಯಿಲ್ ಅಂಟಿಸಿ ನೋಡಿದ್ದರಂತೆ. "ಆ ಮೂಲೆ ನಮ್ದೇ ಕಣಣ್ಣ, ಬರ್ಕೊಳಿ" ಎಂದರು.